ವಿಟಮಿನ್ ಡಿ ಕಮ್ಮಿ ಅಂದರೆ ಯಾರಿಗೆ ಕಮ್ಮಿ?

ಸುಸ್ತು ಅಂದರೆ ಸಾಕು, "ವಿಟಮಿನ್ ಡಿ ಚೆಕ್ ಮಾಡಿಸಿದ್ರಾ?" ಅಂತ ಕೇಳುವವರೇ ಎಲ್ಲ. ಕೂದಲು ಉದುರಿದರೂ ಅದೇ ಪ್ರಶ್ನೆ, ನಿದ್ದೆ ಬಾರದಿದ್ದರೂ ಅದೇ ಪ್ರಶ್ನೆ. ರಿಪೋರ್ಟಿನಲ್ಲಿ 24 ಅಂತ ಬಂದು, ಪಕ್ಕದಲ್ಲಿ "ಕಡಿಮೆ" ಅಂತ ದಪ್ಪಕ್ಷರದಲ್ಲಿ ಕಂಡರೆ ಚೆನ್ನಾಗಿದ್ದವರೂ ರೋಗಿಗಳಾಗಿಬಿಡುತ್ತಾರೆ.

ಆ 24ರ ಕಥೆ ಸ್ವಲ್ಪ ಕೇಳಿ. 2011ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಮಿಲಿಲೀಟರ್ ರಕ್ತಕ್ಕೆ 20 ನ್ಯಾನೊಗ್ರಾಂ ಇದ್ದರೆ ಹೆಚ್ಚುಕಮ್ಮಿ ಎಲ್ಲರಿಗೂ ಸಾಕು ಅಂದಿತು. ಅದೇ ವರ್ಷ ಅಲ್ಲಿನದೇ ಹಾರ್ಮೋನ್ ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿ, 30 ಇರಬೇಕು ಅಂದಿತು. ನಡುವೆ ಸಿಕ್ಕಿಕೊಂಡವರಿಗೆ ಕೊರತೆಯ ಹಣೆಪಟ್ಟಿ. 2024ರಲ್ಲಿ ಅದೇ ಸೊಸೈಟಿ 30ರ ಗುರಿಯನ್ನು ಕೈಬಿಟ್ಟು, ಆರೋಗ್ಯವಾಗಿರುವ ವಯಸ್ಕರಿಗೆ ಸುಮ್ಮನೆ ಈ ಟೆಸ್ಟ್ ಬೇಡ ಅಂದಿದೆ. ಇದು ಮಾತ್ರ ಯಾರ ವಾಟ್ಸ್ಆ್ಯಪಿಗೂ ಬಂದಂತಿಲ್ಲ!

ನನ್ನ ತಕರಾರು ಇಷ್ಟೇ: ಬೇಡದವರು ನಂಬರ್ ಹಿಡಿದು ಓಡಾಡುತ್ತಿದ್ದಾರೆ, ನಿಜವಾಗಿ ಬೇಕಾದವರು "ವಯಸ್ಸಾಯ್ತು" ಅಂತ ಸುಮ್ಮನಿದ್ದಾರೆ.

ಕೊರತೆ ಬಹಳ ಸಲ ಏನನ್ನೂ ತೋರಿಸುವುದಿಲ್ಲ. ತೀವ್ರವಾದಾಗ ತೋರುವುದು ಸೊಂಟ, ತೊಡೆಗಳಲ್ಲಿ. ನೆಲದಿಂದ ಏಳುವಾಗ ಕೈ ಊರಬೇಕಾಗುತ್ತದೆ. ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕಾಗುತ್ತದೆ. ಮೊಣಕಾಲ ಕೆಳಗೆ ಮುಂಭಾಗದ ಮೂಳೆ ಒತ್ತಿದರೆ ನೋಯುತ್ತದೆ, ನಡಿಗೆ ಅತ್ತಿತ್ತ ವಾಲುತ್ತದೆ. ಇದು ಬರೀ ಸುಸ್ತಲ್ಲ. ಸುಣ್ಣದಂಶ ಸರಿಯಾಗಿ ಕೂರದೆ ಮೂಳೆ ಮೆತ್ತಗಾಗುತ್ತಿದೆ, ಮಾಂಸಖಂಡದ ಬಲ ಕುಗ್ಗುತ್ತಿದೆ. ಬೆಳೆಯುವ ಮಕ್ಕಳಲ್ಲಾದರೆ ಕಾಲೇ ಬಿಲ್ಲಿನಂತೆ ಬಾಗುತ್ತದೆ. ಮನೆಯಿಂದ ಹೊರಗೇ ಬಾರದ ಹಿರಿಯರು, ಮೈತುಂಬ ಮುಚ್ಚಿಕೊಂಡಿರುವವರು, ಕರುಳು, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು, ಫಿಟ್ಸಿಗೆ ಫೆನಿಟಾಯಿನ್‌ನಂಥ ಮಾತ್ರೆ ನುಂಗುವವರು: ಇವರು ಟೆಸ್ಟ್ ಮಾಡಿಸಲಿ. ಕೇಳಬೇಕಾದದ್ದು 25-ಹೈಡ್ರಾಕ್ಸಿ ವಿಟಮಿನ್ ಡಿ ಟೆಸ್ಟ್. 1,25 ಅಂತ ಇನ್ನೊಂದಿದೆ. ಕೊರತೆ ಇದ್ದರೂ ಅದು ಸರಿಯಾಗೇ ಇದ್ದಂತೆ ಕಾಣಬಹುದು. ಜೊತೆಗೆ ಕ್ಯಾಲ್ಸಿಯಂ, ಫಾಸ್ಫರಸ್, ಮೂಳೆ ಮೆತ್ತಗಾದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ.

ಬಿಸಿಲಿನ ಬಗ್ಗೆ ಒಂದು ಮಾತು. ಗಾಜಿನ ಕಿಟಕಿ ಪಕ್ಕ ಕೂತರೆ ಮೈ ಬೆಚ್ಚಗಾಗುತ್ತದೆ ಅಷ್ಟೇ, ಚರ್ಮ ವಿಟಮಿನ್ ಡಿ ತಯಾರಿಸಲು ಬೇಕಾದ ಯುವಿ-ಬಿ ಕಿರಣ ಗಾಜು ದಾಟುವುದಿಲ್ಲ. ನೆರಳು ನಮಗಿಂತ ಉದ್ದ ಇರುವ ಹೊತ್ತಿನಲ್ಲೂ ಆ ಕಿರಣ ಬಹಳ ಕಡಿಮೆ. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು; ವಯಸ್ಸಾದ ಚರ್ಮ ತಯಾರಿಸುವುದೇ ಕಡಿಮೆ. ಊಟದಿಂದಲೇ ತುಂಬಿಸಿಕೊಳ್ಳುತ್ತೇನೆ ಅನ್ನುವವರಿಗೆ ಕೊಬ್ಬಿನ ಮೀನು, ಮೊಟ್ಟೆಯ ಹಳದಿ ಬಿಟ್ಟರೆ ದಾರಿ ಹೆಚ್ಚಿಲ್ಲ.

ಹಾಗಾಗಿ ಕೊರತೆ ಖಚಿತವಾದವರಿಗೆ ಮಾತ್ರೆಯೇ ಸರಿ. ವಾರಕ್ಕೊಮ್ಮೆ 50,000 ಅಥವಾ 60,000 ಯೂನಿಟ್, ಸುಮಾರು ಎಂಟು ವಾರ. ಆಮೇಲೆ ದಿನಕ್ಕೆ ಸಣ್ಣ ಪ್ರಮಾಣ. ಕೊಬ್ಬಿನಂಶ ಇರುವ ಊಟದ ಜೊತೆ ತಗೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಎಡವಟ್ಟಾಗುವುದು ಆ ಎಂಟು ವಾರದ ಚೀಟಿಯನ್ನೇ ವರ್ಷಗಟ್ಟಲೆ ಮುಂದುವರಿಸಿದಾಗ. ಇದು ಮೂತ್ರದಲ್ಲಿ ಹೋಗಿಬಿಡುವ ವಿಟಮಿನ್ ಅಲ್ಲ, ಕೊಬ್ಬಿನಲ್ಲಿ ಕೂರುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು, ಕಿಡ್ನಿಗೂ ಪೆಟ್ಟು. ಆಸ್ಟ್ರೇಲಿಯಾದಲ್ಲಿ ಹಿರಿಯ ಹೆಂಗಸರಿಗೆ ವರ್ಷಕ್ಕೊಮ್ಮೆ ಒಂದೇ ಸಲಕ್ಕೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ್ದರು. 2010ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ತಗೊಂಡವರೇ ಹೆಚ್ಚು ಬಿದ್ದಿದ್ದರು, ಹೆಚ್ಚು ಮೂಳೆ ಮುರಿದುಕೊಂಡಿದ್ದರು. ವೈದ್ಯರು ಹೇಳದೆ ದಿನಕ್ಕೆ 4,000 ಯೂನಿಟ್ ಮೀರಬೇಡಿ. ಕಿಡ್ನಿ ಕಲ್ಲು ಇದ್ದವರು ಅಷ್ಟನ್ನೂ ಕೇಳದೆ ತಗೋಬೇಡಿ.

ಮತ್ತೆ ಟೆಸ್ಟ್ ಮಾಡಿಸುವುದಾದರೆ ಮೂರು ತಿಂಗಳಾದ ಮೇಲೆ. ಸರಿಯಾಗಿ ನುಂಗಿಯೂ ನಂಬರ್ ಏರಿಲ್ಲ ಅಂದರೆ ಡೋಸ್ ಹೆಚ್ಚಿಸುವ ಮೊದಲು ಕರುಳು ಹೀರಿಕೊಳ್ಳುತ್ತಿದೆಯೇ ಅಂತ ನೋಡಲಿ. ಗೋಧಿಯಲ್ಲಿನ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಕೆಲವು ಸಲ ಹೀಗೇ ಪತ್ತೆಯಾಗುತ್ತದೆ.