ರೀಲು ಹೋಯ್ತು, ರೀಲು ಬಿಡೋದು ಉಳೀತು

ಜಪಾನಿನವರ ಬುದ್ಧಿಗೆ ಕೈ ಮುಗಿಯಬೇಕು. 2025ರಲ್ಲಿ ಫ್ಯೂಜಿಫಿಲ್ಮ್ ಕಂಪನಿ ಎಕ್ಸ್ ಹಾಫ್ ಅಂತ ಒಂದು ಕ್ಯಾಮೆರಾ ಬಿಟ್ಟಿತಲ್ಲ, ಅದರ ಸುದ್ದಿ ನೀವೂ ಓದಿರುತ್ತೀರಿ. ಪೂರ್ತಿ ಡಿಜಿಟಲ್ ಕ್ಯಾಮೆರಾ. ಒಳಗೆ ರೀಲು ಇಲ್ಲ. ಆದರೂ ರೀಲು ಸುತ್ತುವ ಲಿವರ್ ಇದೆ. ಫಿಲ್ಮ್ ಕ್ಯಾಮೆರಾ ಮೋಡ್ ಅಂತ ಒಂದಿದೆ. ಅದನ್ನು ಹಾಕಿಕೊಂಡರೆ ಒಂದು ಫೋಟೋ ಹೊಡೆದ ಮೇಲೆ ಲಿವರ್ ಎಳೆಯಲೇಬೇಕು. ಎಳೆಯದಿದ್ದರೆ ಮುಂದಿನ ಫೋಟೋ ಇಲ್ಲ. 36 ಬೇಕೋ, 54 ಬೇಕೋ, 72 ಬೇಕೋ ಅಂತ ಮೊದಲೇ ಲೆಕ್ಕ ಹೇಳಬೇಕು. ಅಷ್ಟೂ ಮುಗಿಯುವ ತನಕ ಒಂದನ್ನೂ ನೋಡುವ ಹಾಗಿಲ್ಲ. ಮುಗಿದ ಮೇಲೆ ಫೋನಿನ ಆ್ಯಪ್‌ನಲ್ಲಿ ಡೆವಲಪ್ ಮಾಡಿಕೊಳ್ಳಬೇಕು. ಇಲ್ಲದ ರೀಲನ್ನು ಸುತ್ತಿ, ಇಲ್ಲದ ಡಾರ್ಕ್ ರೂಮಿನಲ್ಲಿ ತೊಳೆಯುವ ಈ ಭಾಗ್ಯಕ್ಕೆ ಅಮೆರಿಕದಲ್ಲಿ ಅವರು ಇಟ್ಟ ಬೆಲೆ 849 ಡಾಲರ್.

ನಮಗೆ ಸಾಕುಸಾಕಾಗಿದ್ದ ಕಾಟವನ್ನೆಲ್ಲ ಒಂದೊಂದಾಗಿ ಹೆಕ್ಕಿ, ಒರೆಸಿ, ಡಬ್ಬಿಗೆ ಹಾಕಿ ನಮಗೇ ವಾಪಸ್ ಮಾರೋದು ಸಾಮಾನ್ಯ ಜಾಣತನ ಅಲ್ಲ. ಇದರಲ್ಲಿ ಲೈಟ್ ಲೀಕ್ ಅಂತ ಒಂದು ಫಿಲ್ಟರ್ ಇದೆ. ಕ್ಯಾಮೆರಾದ ಹಿಂದಿನ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳದೆ ಬೆಳಕು ನುಗ್ಗಿ ಫೋಟೋ ಸುಟ್ಟುಹೋಗುತ್ತಿತ್ತಲ್ಲ, ಅದೇ. ಎಕ್ಸ್‌ಪೈರ್ಡ್ ಫಿಲ್ಮ್ ಅಂತ ಇನ್ನೊಂದು. ತಾರೀಖು ಮುಗಿದ ರೀಲು! 1996ರಲ್ಲಿ ಒಬ್ಬ ಅಂಗಡಿಯವರು ನನಗೆ ನಿಜವಾದದ್ದನ್ನೇ ಕೊಟ್ಟಿದ್ದರು. ಶ್ರವಣಬೆಳಗೊಳದ ಪ್ರವಾಸ ಪೂರ್ತಿ ಹಸಿರಾಗಿ ಬಂದು, ಗೊಮ್ಮಟನಿಗೆ ಪಾಚಿ ಹಿಡಿದ ಹಾಗೆ ಕಾಣುತ್ತಿತ್ತು. ಅಂಗಡಿ ಮುಂದೆ ನಿಂತು ಜಗಳ ಆಡಿದ್ದೆ. ಪಾಪ, ಅವರು ಮೂವತ್ತು ವರ್ಷ ಮುಂದಿದ್ದರು ಅಂತ ಆಗ ನನಗೆ ಗೊತ್ತಾಗಲಿಲ್ಲ. ಈಗ ಕ್ಷಮೆ ಕೇಳೋಣ ಅಂದ್ರೆ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಿದ್ದಾರೆ.

ಇದೇ ಫ್ಯೂಜಿಯವರು ಫಿಲ್ಮ್ ವ್ಯಾಪಾರ ಕುಸಿಯುತ್ತಿದ್ದ ಕಾಲದಲ್ಲಿ, 2007ರಲ್ಲಿ, ಆಸ್ಟಾಲಿಫ್ಟ್ ಅಂತ ಮುಖಕ್ಕೆ ಹಚ್ಚುವ ಕ್ರೀಮು ತಂದರು. ತಮಾಷೆ ಅಲ್ಲ. ಫಿಲ್ಮಿನ ಜೆಲಾಟಿನ್ ಆಗೋದೂ ಕೊಲಾಜನ್‌ನಿಂದ, ನಮ್ಮ ಚರ್ಮದಲ್ಲಿ ಇರೋದೂ ಕೊಲಾಜನ್. ಒಂದನ್ನು ಮಾಸದ ಹಾಗೆ ಕಾಪಾಡಲು ಬಂದವರಿಗೆ ಇನ್ನೊಂದೇನು ಕಷ್ಟ? ಫೋಟೋ ಚೆನ್ನಾಗಿ ಬರಲಿಲ್ಲ ಅಂದ್ರೆ ಮುಖವನ್ನೇ ರಿಪೇರಿ ಮಾಡೋಣ ಅಂತ ಹೊರಟರು, ಗೆದ್ದರು. ಕೊಡಾಕ್‌ನವರಿಗೆ ಇದು ಹೊಳೆಯಲಿಲ್ಲ. 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದರು. ಅಂದ ಹಾಗೆ ಡಿಜಿಟಲ್ ಕ್ಯಾಮೆರಾವನ್ನು ಮೊದಲು ಕೈಯಾರೆ ಮಾಡಿದ್ದು ಅದೇ ಕೊಡಾಕ್‌ನ ಎಂಜಿನಿಯರ್, ಸ್ಟೀವ್ ಸ್ಯಾಸನ್. ಅವರ ಕಥೆ ಆಮೇಲೆ ಹೇಳ್ತೀನಿ. ಮೊದಲು ನಮ್ಮ ಮಾವನ ಮದುವೆ.

ನಮ್ಮ ಕಡೆ ಫಿಲ್ಮ್ ಅಂತ ಯಾರೂ ಅನ್ನುತ್ತಿರಲಿಲ್ಲ. ಫಿಲ್ಮ್ ಅಂದ್ರೆ ಟೆಂಟಿನಲ್ಲಿ ನೋಡೋದು. ಕ್ಯಾಮೆರಾಕ್ಕೆ ಹಾಕಿಸೋದು ರೀಲು, ಸ್ಟುಡಿಯೋಕ್ಕೆ ಕೊಟ್ಟು ತೊಳೆಸೋದು ರೀಲು. ಯಾರಾದರೂ ಇಲ್ಲದ್ದು ಹೇಳಿದರೆ, 'ಸುಮ್ನೆ ರೀಲು ಬಿಡಬೇಡ' ಅನ್ನುತ್ತಿದ್ದೆವು. ರೀಲಿಗೆ ದುಡ್ಡು, ತೊಳೆಸಲು ದುಡ್ಡು, ಪ್ರಿಂಟಿಗೆ ದುಡ್ಡು. ಹಾಗಾಗಿ ಮದುವೆ ಮನೆಯಲ್ಲಿ ಫೋಟೋದವರು ನೆಂಟರನ್ನು ಅಳೆಯುತ್ತಿದ್ದರು. ಹತ್ತಿರದವರಿಗೆ ರೀಲು, ದೂರದವರಿಗೆ ಬರೀ ಫ್ಲ್ಯಾಶ್. ಫಳ್ ಅಂತ ಬೆಳಕು ಬಿದ್ದರೆ ಸಾಕು, ಅವರು ಖುಷಿಯಾಗಿ ಊಟದ ಪಂಕ್ತಿಗೆ ಹೋಗುತ್ತಿದ್ದರು. ಆಲ್ಬಂ ನೋಡಲು ಬಂದಾಗ, 'ನಿಮ್ಮದು ಕಣ್ಣು ಮುಚ್ಚಿಕೊಂಡು ಬಂದಿತ್ತು, ಹಾಕಿಲ್ಲ' ಅಂತ ಒಂದು ಮಾತು. ಮುಗೀತು.

1987ರಲ್ಲಿ ನನ್ನ ಸೋದರಮಾವನ ಮದುವೆ. ಫೋಟೋದವರು ಬೆಳಗ್ಗೆಯಿಂದ ಹೊಡೆದರು. ಕಾಶಿಯಾತ್ರೆ ಆಯ್ತು, ಧಾರೆ ಆಯ್ತು, ತಾಳಿ ಆಯ್ತು. ನಾನು ಅವರ ಫ್ಲ್ಯಾಶ್ ಬ್ಯಾಟರಿ ಹಿಡಿದುಕೊಂಡು ಹಿಂದೆಯೇ ತಿರುಗುತ್ತಿದ್ದೆ. ಕ್ಯಾಮೆರಾದ ಲೆಕ್ಕದ ಕಿಂಡಿಯಲ್ಲಿ 36 ಬಂತು. ಒಂದು ರೀಲಿಗೆ ಅಷ್ಟೇ ಫೋಟೋ. ಜಾಣರಾದರೆ 37 ಬರುತ್ತೆ, ಪುಣ್ಯ ಮಾಡಿದ್ದರೆ 38. ರೀಲು ಮುಗಿದಾಗ ನಿಲ್ಲಬೇಕಿದ್ದ ಲಿವರ್ ಆಮೇಲೂ ನುಣ್ಣಗೆ ತಿರುಗುತ್ತಲೇ ಇತ್ತು. ಆ ಮನುಷ್ಯನ ಮುಖ ಬಿಳಿಚಿಕೊಂಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಕೊಟ್ಟಿಗೆ ಕತ್ತಲಲ್ಲಿ ಕಂಬಳಿ ಹೊದ್ದು ಕೂತು ಬಾಗಿಲು ತೆಗೆದು ಕೈ ಆಡಿಸಿದರು. ರೀಲಿನ ನಾಲಿಗೆ ಕ್ಯಾಮೆರಾದೊಳಗಿನ ಹಲ್ಲಿಗೆ ಕಚ್ಚಿಕೊಂಡೇ ಇರಲಿಲ್ಲ. ಬೆಳಗ್ಗೆಯಿಂದ ಒಂದು ಫೋಟೋ ಕೂಡ ಬಿದ್ದಿರಲಿಲ್ಲ.

ಸಂಜೆ ಮತ್ತೆ ಮದುವೆ ಮಾಡಿದರು. ಬಿಚ್ಚಿಟ್ಟ ಬಾಸಿಂಗ ಮತ್ತೆ ಕಟ್ಟಿದರು. ಪುರೋಹಿತರು ದಕ್ಷಿಣೆ ತಗೊಂಡು ಮಧ್ಯಾಹ್ನದ ಬಸ್ಸಿಗೇ ಹೊರಟುಹೋಗಿದ್ದರಿಂದ ಅಡಿಗೆ ಭಟ್ಟರಿಗೆ ಶಲ್ಯ ಹೊದಿಸಿ ಕೂರಿಸಿದರು. ಸರಿ, ತಾಳಿ ಕಟ್ಟಪ್ಪ ಅಂದಾಗ ಅಜ್ಜಿ ಅಡ್ಡ ಬಂದರು. 'ಕಟ್ಟಿದ ತಾಳಿ ಬಿಚ್ಚಿ ಇನ್ನೊಂದು ಸಲ ಕಟ್ಟೋದಾ? ಫೋಟೋ ಇಲ್ದಿದ್ರೂ ಪರವಾಗಿಲ್ಲ, ಆಗಲ್ಲ.' ಕೊನೆಗೆ ಆಗಿದ್ದು ಹೀಗೆ: ಮಾವ ಅತ್ತೆಯ ಕತ್ತಿನ ಹಿಂದೆ ಎರಡೂ ಕೈ ಇಟ್ಟುಕೊಂಡು ಗಂಟು ಹಾಕುವ ಹಾಗೆ ನಿಂತರು. ಕೈಯಲ್ಲಿ ಏನೂ ಇಲ್ಲ. ಪಕ್ಕದಲ್ಲಿ ಅಡಿಗೆ ಭಟ್ಟರು ಬಾಯಿ ತೆರೆದು ಮಂತ್ರ ಹೇಳುತ್ತಿದ್ದಾರೆ. ಕಪ್ಪುಬಿಳುಪು ಫೋಟೋ. ಈಗಲೂ ಅವರ ನಡುಮನೆಯಲ್ಲಿ ತೂಗುತ್ತಿದೆ.

ಆ ಕಪ್ಪುಬಿಳುಪು ರೀಲು ಯಾವ ಕಂಪನಿಯದೋ ನೆನಪಿಲ್ಲ. 'ಇಂದು' ಅನ್ನೋ ಹೆಸರಿನ ರೀಲು ಆಗಿದ್ದರೂ ಆಗಿರಬಹುದು. ಇಂದು ಅಂದ್ರೆ ಚಂದ್ರ. ಗುಂಡ್ಲುಪೇಟೆ ದಾಟಿ ಊಟಿಗೆ ಹೋಗುವವರು ಇಂದುನಗರ ಅನ್ನೋ ಹೆಸರು ನೋಡಿರುತ್ತೀರಿ. 'ಇಂದು' ರೀಲು ಮಾಡುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇದ್ದ ಜಾಗ. ಗಾಳಿಯಲ್ಲಿ ಧೂಳಿಲ್ಲ, ಹವೆ ತಂಪು ಅಂತ ಹುಡುಕಿ ಹುಡುಕಿ ನೀಲಗಿರಿಯಲ್ಲಿ ಕಟ್ಟಿದ ಸರ್ಕಾರಿ ಕಾರ್ಖಾನೆ. 1960ರಲ್ಲಿ ಶುರು, 1967ರಲ್ಲಿ ಉತ್ಪಾದನೆ. ಎಕ್ಸ್‌ರೇ ಫಿಲ್ಮೂ ಅಲ್ಲಿಂದ ಬರುತ್ತಿತ್ತು. ಆಮೇಲೆ ರೋಗಗ್ರಸ್ತ ಉದ್ಯಮ ಅಂತ ಹಣೆಪಟ್ಟಿ ಬಿತ್ತು. ಎಷ್ಟೋ ವರ್ಷ ಯಂತ್ರ ನಿಂತೂ ಬಾಗಿಲು ಮುಚ್ಚದೆ, ಬಾಗಿಲು ತೆರೆದಿದ್ದೂ ಕೆಲಸ ಇಲ್ಲದೆ ನಡೆಯಿತು. ಕಾರ್ಖಾನೆ ಸಾಯಿಸೋದರಲ್ಲೂ ನಮ್ಮವರಿಗೆ ಅವಸರ ಇಲ್ಲ.

ಇಂದು ಮುಳುಗಿದ ಮೇಲೆ ಚಂದ್ರನನ್ನು ಫೋನಿನವರು ಗುತ್ತಿಗೆಗೆ ತಗೊಂಡರು. 2023ರ ಮಾರ್ಚ್‌ನಲ್ಲಿ ಒಬ್ಬ ಆಸಾಮಿ ಚಂದ್ರನ ಚಿತ್ರವನ್ನು ಬೇಕಂತಲೇ ಮಸುಕು ಮಾಡಿ, ಕಂಪ್ಯೂಟರ್ ಪರದೆ ಮೇಲಿಟ್ಟು, ಕೋಣೆಯ ದೀಪ ಆರಿಸಿ, ಸ್ಯಾಮ್‌ಸಂಗ್ ಫೋನಿನಲ್ಲಿ ಅದರ ಫೋಟೋ ಹೊಡೆದ. ಪರದೆಯಲ್ಲಿ ಇಲ್ಲದ ಕುಳಿಗಳೆಲ್ಲ ಫೋಟೋದಲ್ಲಿ ಬಂದವು! ಕಂಪನಿ ಸಮಜಾಯಿಷಿ ಕೊಟ್ಟಿತು: ಇದು ಚಂದ್ರ ಅಂತ ನಮ್ಮ ಫೋನಿಗೆ ಗೊತ್ತಾಗುತ್ತೆ, ಗೊತ್ತಾದ ಮೇಲೆ ಚೆಂದ ಮಾಡುತ್ತೆ, ಅಷ್ಟೇ. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರೇ ಇದೆ. ರೀಲು ಬಿಡೋದು. ಅದೇ ವರ್ಷ ಗೂಗಲ್‌ನ ಪಿಕ್ಸೆಲ್ ಫೋನು ಗುಂಪು ಫೋಟೋದಲ್ಲಿ ಕಣ್ಣು ಮುಚ್ಚಿದವರಿಗೆ ಬೇರೆ ಫೋಟೋದಿಂದ ಮುಖ ತಂದು ಅಂಟಿಸುವ ವಿದ್ಯೆ ಕಲಿಯಿತು. ಎಲ್ಲರೂ ಒಟ್ಟಿಗೆ ನಕ್ಕ ಫೋಟೋ. ಒಟ್ಟಿಗೆ ನಕ್ಕಿದ್ದು ಮಾತ್ರ ಯಾವತ್ತೂ ಇಲ್ಲ. ನಮ್ಮ ಕುಟುಂಬಕ್ಕೆ ಹೇಳಿ ಮಾಡಿಸಿದ ಹಾಗಿದೆ, ಬಿಡಿ.

ರೀಲನ್ನು ಕೊಂದ ಡಿಜಿಟಲ್ ಕ್ಯಾಮೆರಾವನ್ನೂ ಈ ಫೋನೇ ತಿಂದಿತು. 2010ರಲ್ಲಿ ಜಪಾನಿ ಕಂಪನಿಗಳ ಲೆಕ್ಕದಲ್ಲಿ ಜಗತ್ತಿಗೆ ಹೋದ ಡಿಜಿಟಲ್ ಕ್ಯಾಮೆರಾ 12 ಕೋಟಿ. 2023ರಲ್ಲಿ 80 ಲಕ್ಷಕ್ಕೂ ಕಡಿಮೆ. ಅದಕ್ಕೇ ಈಗ ಲಿವರ್ ಜೋಡಿಸಿ, ಕಲೆ ಬಳಿದು, ತಾತನ ಕೋಟು ಹಾಕಿಸಿ ಮೊಮ್ಮಗನನ್ನು ಸಂತೆಗೆ ಕಳಿಸುತ್ತಿದ್ದಾರೆ.

ಸರಿ, ಸ್ಯಾಸನ್ ಕಥೆ. 1975ರಲ್ಲಿ ಅವರು ಮಾಡಿದ ಕ್ಯಾಮೆರಾ ಮೂರೂವರೆ ಕಿಲೋ ತೂಗುತ್ತಿತ್ತು. ಒಂದು ಫೋಟೋವನ್ನು ಕ್ಯಾಸೆಟ್ ಟೇಪಿಗೆ ಹಾಕಲು 23 ಸೆಕೆಂಡು. ಚಿತ್ರ ಅಂದ್ರೆ ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು 10,000 ಚುಕ್ಕಿ. ಇವತ್ತಿನ ಲೆಕ್ಕದಲ್ಲಿ 0.01 ಮೆಗಾಪಿಕ್ಸೆಲ್. ಮೇಲಿನವರು ನೋಡಿ ಮೂಗು ಮುರಿದರಂತೆ. ಮೂಗು ಮುರಿಯುವಂಥದ್ದು ಏನಿತ್ತು? ನಮ್ಮಲ್ಲಿಗೆ ತಂದಿದ್ದರೆ ಸ್ಯಾಸನ್‌ಗೆ ಸನ್ಮಾನವೇ ಆಗುತ್ತಿತ್ತು. ಇಡೀ ಜಗತ್ತಿನಲ್ಲಿ ನಮ್ಮ ಆನ್‌ಲೈನ್ ಅರ್ಜಿಗಳಿಗೆ ಸರಿಹೊಂದುವ ಕ್ಯಾಮೆರಾ ಅದೊಂದೇ. ಅಕ್ಕನ ಮಗನ ಫೋನು 200 ಮೆಗಾಪಿಕ್ಸೆಲ್. ಕೆಲಸಕ್ಕೆ ಅರ್ಜಿ ಹಾಕಲು ಹೋದರೆ ಫೋಟೋ 50 ಕೆಬಿ ಒಳಗಿರಬೇಕು, ಆದರೆ 20 ಕೆಬಿಗಿಂತ ಕಡಿಮೆ ಇರಬಾರದು, ಹಿನ್ನೆಲೆ ಬಿಳಿ ಇರಬೇಕು, ಸಹಿ ಬೇರೆ ಸೈಜು. ಸೈಬರ್ ಸೆಂಟರಿನ ಹುಡುಗ 40 ರೂಪಾಯಿ ತಗೊಂಡು ಅವನ ಮುಖವನ್ನು ಹಿಂಡಿ ಹಿಂಡಿ 48 ಕೆಬಿಗೆ ತಂದ. 'ಫೋಟೋ ಸ್ಪಷ್ಟವಾಗಿಲ್ಲ' ಅಂತ ಅರ್ಜಿ ವಾಪಸ್ ಬಂತು.

ಇಷ್ಟರ ತನಕ ನಗಬಹುದು. ಮುಂದಿನದಕ್ಕೆ ನನಗೆ ನಗು ಬರೋದಿಲ್ಲ.

ನರೇಗಾ ಕೆಲಸದ ಹಾಜರಿಗೆ ಫೋಟೋ ಬೇಕು ಅಂತ ಮಾಡಿದರು. 2023ರ ಜನವರಿಯಿಂದ ಎಲ್ಲ ಕಡೆ ಕಡ್ಡಾಯ ಆಯ್ತು. ದಿನಕ್ಕೆ ಎರಡು ಸಲ, ಸ್ಥಳದಲ್ಲೇ ನಿಂತು, ಆ್ಯಪ್‌ಗೆ ಹಾಕಬೇಕಿತ್ತು. ಕ್ಯಾಮೆರಾ ಸುಳ್ಳು ಹೇಳೋದಿಲ್ಲ ಅನ್ನೋ ನಂಬಿಕೆ. ಆಮೇಲೆ ಏನಾಯ್ತು ಅಂತ ನಿಮಗೆ ಗೊತ್ತು. ಯಾದಗಿರಿ ಕಡೆ ಹೆಂಗಸರ ಹಾಜರಿಗೆ ಗಂಡಸರು ಸೀರೆ ಉಟ್ಟು, ಸೆರಗು ಹೊದ್ದು ಸಾಲಾಗಿ ನಿಂತ ಫೋಟೋ ಪೇಪರಿನಲ್ಲಿ ಬಂತು. ದೆಹಲಿಯ ಸಚಿವಾಲಯವೇ 2025ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿ ಒಪ್ಪಿಕೊಂಡಿತು: ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೋ ಹಾಕುತ್ತಿದ್ದಾರೆ, ಹಳೆಯ ಫೋಟೋದ ಫೋಟೋ ಹೊಡೆದು ಹಾಕುತ್ತಿದ್ದಾರೆ. ಕಳ್ಳರಿಗೆ ಆ್ಯಪ್ ಒಂದು ದಿನದ ಕೆಲಸ ಕೂಡ ಕೆಡಿಸಲಿಲ್ಲ. ಕೆಟ್ಟಿದ್ದು ಯಾರಿಗೆ? ನಿಜವಾಗಿ ಗುದ್ದಲಿ ಹಿಡಿದವರಿಗೆ. ಕೆರೆಯಂಗಳದಲ್ಲಿ ನೆಟ್‌ವರ್ಕ್ ಇಲ್ಲ, ಫೋಟೋ ಮೇಲೆ ಹೋಗಲಿಲ್ಲ, ಹಾಜರಿ ಬೀಳಲಿಲ್ಲ, ಕೂಲಿ ಇಲ್ಲ. ಬಿಸಿಲಲ್ಲಿ ದಿನವಿಡೀ ಮಣ್ಣು ಹೊತ್ತ ಹೆಂಗಸು ಎದುರಿಗೇ ನಿಂತಿದ್ದಾಳೆ. ಬುಟ್ಟಿ ಇದೆ, ಅಗೆದ ಗುಂಡಿ ಇದೆ. ಆದರೆ ಅವಳು ಬಂದಿಲ್ಲ, ಯಾಕಂದ್ರೆ ಫೋಟೋ ಬಂದಿಲ್ಲ. ಮಾವನ ಮದುವೆಯಲ್ಲಿ ಫೋಟೋ ಬೀಳಲಿಲ್ಲ ಅಂತ ಮದುವೆಯೇ ಆಗಿಲ್ಲ ಅಂತ ಯಾರಾದರೂ ಅಂದಿದ್ದರೆ ಅಜ್ಜಿ ಪೊರಕೆ ತಗೊಳ್ಳುತ್ತಿದ್ದರು. ಈ ಹೆಂಗಸಿನ ಪರ ಪೊರಕೆ ಎತ್ತೋರು ಯಾರೂ ಇಲ್ಲ.

ಹೋಗಲಿ. ಮೊನ್ನೆ ಯುಗಾದಿಗೆ ಮಾವನ ಮನೆಗೆ ಹೋಗಿದ್ದೆವು. ಅಕ್ಕನ ಮಗ ಗೋಡೆಯ ಫೋಟೋ ಇಳಿಸಿ, ಗಾಜು ಒರೆಸಿ, ಫೋನಿನಲ್ಲಿ ಹೊಡೆದುಕೊಂಡ. ಬೆರಳಲ್ಲಿ ಏನೋ ಗೀಚಿದ. ಎರಡು ನಿಮಿಷಕ್ಕೆ ಮಾವನ ಕೋಟಿಗೆ ಬಣ್ಣ ಬಂತು, ಅತ್ತೆಯ ಸೀರೆಗೆ ಜರಿ ಬಂತು, ಅಡಿಗೆ ಭಟ್ಟರ ಮುಖಕ್ಕೆ ಅಪರೂಪದ ತೇಜಸ್ಸು ಬಂತು. ಖಾಲಿ ಕೈಯ ಕಥೆ ಅವನಿಗೂ ಗೊತ್ತಿತ್ತು. ಅದಕ್ಕೇ ಅಲ್ಲೂ ಒಂದು ಸೇರಿಸಿದ್ದ. ದಪ್ಪ ಚಿನ್ನದ ಸರ, ನಡುವೆ ಕೆಂಪು ಕಲ್ಲು, ಆಭರಣದ ಅಂಗಡಿ ಜಾಹೀರಾತಿನಲ್ಲಿ ಇರುತ್ತಲ್ಲ, ಹಾಗೆ. ಮಾವ ಕನ್ನಡಕ ಹಾಕಿಕೊಂಡು ನೋಡಿ ಖುಷಿಪಟ್ಟರು. ಫೋನು ಅತ್ತೆಯ ಕೈಗೆ ಹೋಯಿತು. ಅವರು ದೂರ ಹಿಡಿದರು, ಹತ್ತಿರ ಹಿಡಿದರು. ಆಮೇಲೆ ಸೆರಗಿನೊಳಗಿಂದ ತಮ್ಮ ತಾಳಿ ಎಳೆದು ಫೋನಿನ ಪಕ್ಕ ಇಟ್ಟು ನೋಡಿದರು.

'ನಂದು ಅರಿಶಿನದ ದಾರ ಕಣೋ ಮಗ. ಇದು ಯಾರದು?'