ಮಿಡಿಸೌತೆ ತುಮಕೂರಿನದು, ಜಗಳ ಲಂಡನ್ನಿನಲ್ಲಿ

ತುಮಕೂರು ಸೀಮೆಯಲ್ಲಿ ಬೆಳೆಯುವ ಮಿಡಿಸೌತೆಯನ್ನು ತುಮಕೂರಿನವರು ತಿನ್ನುವುದಿಲ್ಲ. ಡ್ರಮ್ಮುಗಳಲ್ಲಿ ಉಪ್ಪುನೀರಿನ ಜೊತೆ ಯುರೋಪು, ಅಮೆರಿಕ ಸೇರುತ್ತದೆ. ಕಿಲೋಗೆ ಎಷ್ಟು ಕಾಯಿ ಅನ್ನುವುದರ ಮೇಲೆ ರೇಟು. ಕಾಯಿ ಸಣ್ಣದಾದಷ್ಟೂ ಬೆಲೆ ಜಾಸ್ತಿ. ಬೆಳೆಯುವವರಿಗೂ ಕಾರ್ಖಾನೆಯವರಿಗೂ ಈ ಲೆಕ್ಕ ಬಾಯಿಪಾಠ. ಆದರೆ ಖರೀದಿದಾರ ಕಳಿಸಿದ ಕರಾರಿನ ಕೊನೆಯ ಪುಟದಲ್ಲಿ ಏನಿದೆ ಅಂತ ಕೇಳಿ ನೋಡಿ. "ಅದು ಸ್ಟ್ಯಾಂಡರ್ಡ್ ಸಾರ್, ಎಲ್ರೂ ಸೈನ್ ಹಾಕ್ತಾರೆ" ಅನ್ನುತ್ತಾರೆ.

ನಾನು ಸಿಂಗಪುರದಲ್ಲಿ ಸರಕು ಸಾಗಣೆಯ ಕಾಗದಪತ್ರ ನೋಡುವ ಕೆಲಸದಲ್ಲಿದ್ದೇನೆ. ಇಲ್ಲಿ ಆ ಕೊನೆಯ ಪುಟವನ್ನೇ ಮೊದಲು ಓದುತ್ತಾರೆ. ತಕರಾರು ಬಂದರೆ ಆರ್ಬಿಟ್ರೇಷನ್ (ಕೋರ್ಟಿನ ಬದಲು ಮಧ್ಯಸ್ಥರಿಂದ ತೀರ್ಪು) ಯಾವ ಊರಿನದು, ಯಾವ ದೇಶದ ಕಾನೂನು, ಮಧ್ಯಸ್ಥರು ಎಷ್ಟು ಜನ? ರೇಟಿಗಿಂತ ಇದಕ್ಕೇ ಜಾಸ್ತಿ ಚೌಕಾಸಿ ನಡೆಯುವುದೂ ಉಂಟು. ನಮ್ಮವರಿಗೆ ಇದು ಗೊತ್ತಾಗುವುದು ಕಾಯಿ ಮೆತ್ತಗಾಗಿದೆ ಅಂತ ಖರೀದಿದಾರ ಒಂದೆರಡು ಕಂಟೈನರಿನ ದುಡ್ಡು ಹಿಡಿದಿಟ್ಟಾಗ. ವಿಚಾರಣೆ ಲಂಡನ್ನಿನಲ್ಲಿ, ಮಧ್ಯಸ್ಥರು ಮೂವರು, ಅವರ ಫೀಸಿಗೆ ಮುಂಗಡ ಬೇರೆ ಕಟ್ಟಬೇಕು. ಸರಕಿನ ಬೆಲೆಗಿಂತ ವಕೀಲರ ಬಿಲ್ಲೇ ದೊಡ್ಡದಾಗುತ್ತದೆ. ಹೋದರೆ ಹೋಗಲಿ ಅಂತ ಸುಮ್ನೆ ಬಿಟ್ಟುಬಿಡುತ್ತಾರೆ.

ಹಾಗಾದರೆ ನಮ್ಮ ಕೋರ್ಟಿಗೇ ಹೋಗಬಾರದಾ? ಹೋಗಬಹುದು. ಆದರೆ ತುಮಕೂರಿನ ಡಿಕ್ರಿ ಹಿಡಿದುಕೊಂಡು ಜರ್ಮನಿಯ ಹ್ಯಾಂಬರ್ಗಿನ ಖರೀದಿದಾರನಿಂದ ದುಡ್ಡು ವಸೂಲಿ ಮಾಡುವುದು ಸುಲಭವಲ್ಲ. ಆರ್ಬಿಟ್ರೇಷನ್ ತೀರ್ಪಿಗೆ ಆ ಬಲ ಇದೆ. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ 170ಕ್ಕೂ ಹೆಚ್ಚು ದೇಶಗಳು ಸೇರಿವೆ. ಕೆಲವೇ ಕಾರಣಗಳನ್ನು ಬಿಟ್ಟರೆ ಆ ದೇಶಗಳ ಕೋರ್ಟುಗಳು ಹೊರದೇಶದ ಆರ್ಬಿಟ್ರೇಷನ್ ತೀರ್ಪನ್ನು ಜಾರಿ ಮಾಡಲೇಬೇಕು.

ಇದೇನು ಹೊಸದು, ನಮ್ಮ ಅರಳಿಕಟ್ಟೆ ಪಂಚಾಯ್ತಿಯೂ ಇದೇ ಅಲ್ವಾ ಅಂತ ಭಾಷಣದಲ್ಲಿ ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ನಾಳೆಯೂ ಅದೇ ಬಾವಿಗೆ ನೀರಿಗೆ ಬರಬೇಕಲ್ಲ ಅನ್ನುವ ಅಂಜಿಕೆಯಿಂದ ಕಟ್ಟೆಯ ಮಾತು ನಿಲ್ಲುತ್ತಿತ್ತು. ಹ್ಯಾಂಬರ್ಗಿನವನಿಗೆ ಆ ಅಂಜಿಕೆ ಎಲ್ಲಿಂದ ಬರಬೇಕು?

ಈಗ ಭಾರತವೂ ಆರ್ಬಿಟ್ರೇಷನ್ನಿನ ದೊಡ್ಡ ಕೇಂದ್ರವಾಗಬೇಕು ಅನ್ನುವ ಮಾತು ಜೋರಾಗಿದೆ. ದೆಹಲಿಯ ಕೇಂದ್ರಕ್ಕೆ 2019ರಲ್ಲಿ ಕಾಯ್ದೆಯೇ ಬಂತು. ಹೈದರಾಬಾದಿನಲ್ಲಿ 2021ರಲ್ಲಿ ಒಂದು ಶುರುವಾಯಿತು. ಬೆಂಗಳೂರಿನಲ್ಲೂ ಒಂದಿದೆ. ಕಟ್ಟಡಕ್ಕೆ ಕೊರತೆ ಏನಿಲ್ಲ. ಸಿಂಗಪುರದಲ್ಲಿ ಆರ್ಬಿಟ್ರೇಷನ್ ವಿಚಾರಣೆ ನಡೆಯುವ ಮ್ಯಾಕ್ಸ್‌ವೆಲ್ ಚೇಂಬರ್ಸ್ ಕೂಡ ಹಳೆಯ ಕಸ್ಟಮ್ಸ್ ಕಚೇರಿಯ ಕಟ್ಟಡವೇ. ಇಲ್ಲಿನ ಕೋರ್ಟು ತೀರ್ಪಿನ ತಂಟೆಗೆ ಸುಲಭಕ್ಕೆ ಬರುವುದಿಲ್ಲ. ಜನ ನಂಬಿ ಬರುವುದು ಅದಕ್ಕೆ. ನಮ್ಮಲ್ಲಿ ತೀರ್ಪು ಬಂದ ಮೇಲೆಯೇ ನಿಜವಾದ ಕೇಸು ಶುರು. ತೀರ್ಪನ್ನು ಪ್ರಶ್ನಿಸಿದ ಅರ್ಜಿ ಒಂದು ವರ್ಷದಲ್ಲಿ ಮುಗಿಯಬೇಕು ಅಂತ 2015ರ ತಿದ್ದುಪಡಿ ಹೇಳುತ್ತದೆ. ಎಷ್ಟು ಮುಗಿಯುತ್ತವೆ ಅಂತ ಯಾವ ವಕೀಲರನ್ನಾದರೂ ಕೇಳಿ, ನಗುತ್ತಾರೆ. ಸಾಲದ್ದಕ್ಕೆ 2024ರ ಜೂನ್‌ನಲ್ಲಿ ಕೇಂದ್ರದ ಹಣಕಾಸು ಇಲಾಖೆ, 10 ಕೋಟಿ ರೂಪಾಯಿಗೆ ಮೇಲ್ಪಟ್ಟ ತಕರಾರುಗಳಿಗೆ ಸರ್ಕಾರಿ ಖರೀದಿ ಕರಾರುಗಳಲ್ಲಿ ಆರ್ಬಿಟ್ರೇಷನ್ ಷರತ್ತನ್ನು ಸುಮ್ಮನೆ ಸೇರಿಸಬೇಡಿ ಅಂದಿತು. ತಾನೇ ಉಣ್ಣದ ಹೋಟೆಲಿಗೆ ಊರನ್ನೆಲ್ಲ ಕರೆದರೆ ಯಾರು ಬರುತ್ತಾರೆ?

ನನಗೆ ಭರವಸೆ ಕಾಣುವುದು ಬೇರೆ ಕಡೆ. 2025ರ ಜನವರಿಯಿಂದ ಸಿಂಗಪುರದ ಆರ್ಬಿಟ್ರೇಷನ್ ಕೇಂದ್ರ ಸಣ್ಣ ತಕರಾರುಗಳಿಗೆ ಹೊಸ ದಾರಿ ಮಾಡಿದೆ. ಮೊತ್ತ 10 ಲಕ್ಷ ಸಿಂಗಪುರ ಡಾಲರ್ ಒಳಗಿದ್ದರೆ, ಅಂದರೆ ಆರು ಕೋಟಿ ರೂಪಾಯಿಗೂ ಜಾಸ್ತಿಯೇ, ಒಬ್ಬರೇ ಮಧ್ಯಸ್ಥರು. ಸಾಮಾನ್ಯವಾಗಿ ಕಾಗದಪತ್ರ ನೋಡಿಯೇ ತೀರ್ಮಾನ. ಮಧ್ಯಸ್ಥರು ನೇಮಕವಾದ ಮೂರು ತಿಂಗಳಲ್ಲಿ ತೀರ್ಪು ಬರಬೇಕು. ಫೀಸೂ ಮಾಮೂಲಿ ಗರಿಷ್ಠ ಮಿತಿಯ ಅರ್ಧಕ್ಕಿಂತ ಜಾಸ್ತಿ ಆಗುವಂತಿಲ್ಲ. ವೀಸಾ, ವಿಮಾನದ ತಾಪತ್ರಯ ಹೆಚ್ಚುಕಮ್ಮಿ ಇಲ್ಲ. ಮಿಡಿಸೌತೆಯವರಿಗೆ, ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡಿ ಹೊರಗೆ ಕಳಿಸುವವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಸೈನ್ ಹಾಕುವ ಮೊದಲು ಒಂದು ಮೇಲ್ ಬರೆದರೆ ಆಯಿತು: ಜಾಗ ಸಿಂಗಪುರ, ನಿಯಮ ಅಲ್ಲಿನ ಆರ್ಬಿಟ್ರೇಷನ್ ಕೇಂದ್ರದ್ದು, ಮಧ್ಯಸ್ಥರು ಒಬ್ಬರೇ. ಖರೀದಿದಾರನಿಗೂ ಖರ್ಚು ಕಮ್ಮಿ, ಒಪ್ಪುವ ಸಾಧ್ಯತೆ ಇದೆ. ಬೆಂಗಳೂರು ಅಂತ ಬರೆಯಿರಿ ಅನ್ನಲು ನನಗೂ ಆಸೆಯೇ. ಆದರೆ ಆ ಒಂದು ವರ್ಷದ ಗಡುವು ನಮ್ಮ ಕೋರ್ಟುಗಳಲ್ಲಿ ನಿಜವಾಗುವ ತನಕ ಅನ್ನಲಾರೆ.