ಸತ್ಯಾಂಶ: ಬೇಸಿಗೆಯಲ್ಲಿ ಟ್ರೇಲರ್ ಟೈರಿನ ಗಾಳಿ ಇಳಿಸಬೇಕೇ?

‘ಬಿಸಿಲಿಗೆ ಟೈರ್ ಸಿಡಿಯುತ್ತದೆ, ಹೊರಡುವ ಮುನ್ನ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಪ್ರವಾಸಿ ಮನೆ) ಟೈರಿನ ಗಾಳಿ ಸ್ವಲ್ಪ ಬಿಡಿ’ ಎಂಬ ಫಾರ್ವರ್ಡ್ ಸಲಹೆ ತಪ್ಪು. ಅಪಾಯಕಾರಿ ಕೂಡ.

ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಶಾಖ ಹುಟ್ಟುವುದೇ ಆ ಬಾಗುವಿಕೆಯಿಂದ. ಅದು ಮಿತಿಮೀರಿದರೆ ಒಳಪದರಗಳು ಬಿಟ್ಟುಕೊಂಡು ಟೈರ್ ಸಿಡಿಯುತ್ತದೆ. ಓಡುವಾಗ ಏರುವ ಒತ್ತಡವನ್ನು ತಯಾರಕರು ಮೊದಲೇ ಲೆಕ್ಕ ಹಾಕಿರುತ್ತಾರೆ. ಬಿಸಿ ಟೈರಿನಿಂದ ಗಾಳಿ ಬಿಡಲೇಬೇಡಿ.

ಗಾಡಿ ಕನಿಷ್ಠ 3 ಗಂಟೆ ನಿಂತ ಮೇಲೆ, ಬಿಸಿಲು ಬೀಳುವ ಮೊದಲು, ಟ್ರೇಲರಿನ ಸ್ಟಿಕ್ಕರಿನಲ್ಲಿರುವ ಅಂಕಿಗೆ ತುಂಬಿಸಿ. ಅಮೆರಿಕದ ಲೋಡ್ ರೇಂಜ್ (ಭಾರ ಹೊರುವ ದರ್ಜೆ) ‘ಇ’ ಟ್ರೇಲರ್ ಟೈರಿಗೆ ಅದು ಸಾಮಾನ್ಯವಾಗಿ 80 ಪಿಎಸ್‌ಐ.

ಟೈರಿನ ಮೇಲ್ಮೈಯ ಅಚ್ಚು (ಟ್ರೆಡ್) ಸವೆಯದಿದ್ದರೂ ನಂಬಬೇಡಿ, ಟೈರಿನ ವಯಸ್ಸು ನೋಡಿ. ಪಕ್ಕೆಯಲ್ಲಿ ‘DOT’ (ಡಾಟ್) ಎಂದು ಶುರುವಾಗುವ ಸಂಕೇತದ ಕೊನೆಗೆ 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರ್. ನಿಂತಲ್ಲೇ ನಿಂತರೂ ರಬ್ಬರಿಗೆ ಮುಪ್ಪು ಬರುತ್ತದೆ.